ಬೋಂಡಾನಿಗೆ, ಮುಚ್ಚಳದ ವಿಷಯ

ಪ್ರೀತಿಯ ಬೋಂಡಾ,

ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿದ್ದೇನೆ ಅಂತ ಬೈಯಬೇಡ. ನಿನಗೊಬ್ಬನಿಗೇ ಕಳಿಸಿದರೆ ನೀನು ಉತ್ತರ ಬರೆಯುವುದಿಲ್ಲ. ನಾಲ್ಕು ಜನರ ಎದುರು ಕೇಳಿದರೆ ಮರ್ಯಾದೆಗಾದರೂ ಬರೆಯುತ್ತೀಯ. ಹಸಿರು ಲೂನಾ ವಿಷಯ ಎತ್ತುವುದಿಲ್ಲ, ಆಣೆ.

ನ್ಯೂಜೆರ್ಸಿಯಲ್ಲಿ ಈಗ ಸೆಕೆ. ನಮ್ಮ ಫ್ರಿಜ್ ತುಂಬ ಸ್ನ್ಯಾಪಲ್, ಇಲ್ಲಿ ಬಾಟಲಿಯಲ್ಲಿ ಸಿಗುವ ತಣ್ಣನೆ ಟೀ, ಹಣ್ಣಿನ ಪಾನೀಯ. ಲೆಮನ್ ಟೀ, ಪೀಚ್ ಟೀ, ಕಿವಿ ಸ್ಟ್ರಾಬೆರಿ, ಮ್ಯಾಂಗೋ ಮ್ಯಾಡ್‌ನೆಸ್. ಕೊನೆಯದನ್ನು ಹೆಸರು ನೋಡಿಯೇ ತಂದಿದ್ದು. ರಸಪುರಿ ತಿಂದು ಬೆಳೆದ ನಾಲಿಗೆಗೆ ಅದು ಮಾವಿನ ದೂರದ ನೆಂಟ. ಮದುವೆಯಲ್ಲಿ ಸಿಕ್ಕರೆ ನಗಬಹುದು, ಅಷ್ಟೇ. ಪೀಚ್ ಟೀ ಮಾತ್ರ ಚಟ ಹಿಡಿಸಿಬಿಟ್ಟಿದೆ.

ಈ ಸ್ನ್ಯಾಪಲ್ ಕಂಪನಿಯ ಕತೆ ಕೇಳಿದರೆ ನೀನೇ ನೆನಪಾಗುತ್ತೀಯ. 1972ರಲ್ಲಿ ನ್ಯೂಯಾರ್ಕ್‌ನಲ್ಲಿ ಮೂವರು ಸೇರಿ ಶುರುಮಾಡಿದ್ದು. ಇಬ್ಬರು ಭಾವ-ಮೈದುನ, ಕಿಟಕಿ ಗಾಜು ಒರೆಸುವ ವ್ಯವಹಾರದವರು. ಇನ್ನೊಬ್ಬರದು ಆರೋಗ್ಯದ ತಿನಿಸಿನ ಅಂಗಡಿ. ಸೇಬಿನ ಸೋಡಾ ಮಾಡಲು ಹೋದಾಗ ರಸ ಬಾಟಲಿಯೊಳಗೇ ಹುಳಿ ಬಂದು ಮುಚ್ಚಳಗಳು ಹಾರಿಹೋದವಂತೆ. ಹಾಸ್ಟೆಲ್ಲು, ಮಂಚದ ಕೆಳಗೆ, ದ್ರಾಕ್ಷಿ ರಸ... ಮುಂದೆ ಹೇಳೋದಿಲ್ಲ, ನಿನ್ನ ಮಗಳೂ ಓದುತ್ತಾಳೆ. ಅವರು ಅದರಿಂದ ಕಂಪನಿ ಕಟ್ಟಿದರು. ನೀನು ವಾರ್ಡನ್ ರೂಮಿಗೆ ಹೋದೆ. 1994ರಲ್ಲಿ ಕ್ವೇಕರ್ ಓಟ್ಸ್‌ನವರು ಅದನ್ನು 170 ಕೋಟಿ ಡಾಲರ್‌ಗೆ ಕೊಂಡು, 1997ರಲ್ಲಿ 30 ಕೋಟಿಗೆ ಮಾರಿದರು. ನಮ್ಮ ಚೀಟಿ ವ್ಯವಹಾರವೇ ವಾಸಿ, ಅಲ್ವಾ?

ನಾನು ಹೇಳಹೊರಟಿದ್ದು ಮುಚ್ಚಳದ ವಿಷಯ. 2002ರಿಂದ ಮುಚ್ಚಳದ ಒಳಗೆ ನಂಬರು ಹಾಕಿ ಒಂದೊಂದು ಸಂಗತಿ ಅಚ್ಚು ಹಾಕುತ್ತಾರೆ. ಒಂಟೆಗೆ ಮೂರು ರೆಪ್ಪೆ, ಆ ಥರದ್ದು. ಬಾಟಲಿ ಗಾಜಿನದಾಗಿದ್ದಾಗ ಮುಚ್ಚಳ ತಗಡಿನದು, ತಿರುಗಿಸಿದರೆ ಟಪ್ ಅನ್ನುತ್ತಿತ್ತು. ಈಗ ಎಲ್ಲ ಪ್ಲಾಸ್ಟಿಕ್. ಹಳೆ ತಗಡಿನವು ನನ್ನ ಡ್ರಾಯರ್‌ನಲ್ಲಿ ಒಂದು ರಾಶಿ ಇವೆ.

ಭಾನುವಾರ ಅಮ್ಮನಿಗೆ ಫೋನ್ ಮಾಡುವ ಮೊದಲು ಒಂದನ್ನು ತೆಗೆದಿಟ್ಟುಕೊಳ್ಳುತ್ತೇನೆ. ಊಟ ಆಯ್ತಾ, ಮಳೆ ಬಂತಾ, ಮಾತ್ರೆ ತಗೊಂಡ್ಯಾ. ಎರಡು ನಿಮಿಷಕ್ಕೆ ಮಾತು ಮುಗಿಯುತ್ತೆ. ಆಮೇಲೆ ಮುಚ್ಚಳ ಓದುತ್ತೇನೆ. ಅಮ್ಮ ಅದನ್ನು ಹಾಲಿನ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುತ್ತಾಳೆ.

ಹೋದ ವಾರ ಅವಳೇ, "ನಾನೊಂದು ಹೇಳ್ಲಾ? ಗೋಲ್ಡ್ ಫಿಶ್ಶಿಗೆ ಮೂರೇ ಸೆಕೆಂಡು ಗಮನ ಇರೋದಂತೆ" ಅಂದಳು.

"ಹೌದಾ! ಯಾರು ಹೇಳಿದ್ರು?"

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಹಾಳೆ ಮಗುಚುವ ಸದ್ದು. "ನೀನೇ ಕಣೋ. ಅಪ್ಪನ ಆಪರೇಷನ್ ದಿನ. ನಾನು ಆಸ್ಪತ್ರೆ ಬೆಂಚಿನ ಮೇಲೆ ಕೂತಿದ್ದೆ. ಪುಸ್ತಕ ಇರಲಿಲ್ಲ, ಔಷಧಿ ಚೀಟಿ ಹಿಂದೆ ಬರ್ಕೊಂಡಿದ್ದೆ."

ಅವತ್ತು ನಾನು ಅಪ್ಪನ ಬಗ್ಗೆ ಏನಾದರೂ ಕೇಳಿದ್ದೆನಾ? ಅಮ್ಮನನ್ನು ಕೇಳಲು ಧೈರ್ಯ ಬರಲಿಲ್ಲ. ಆ ರಾತ್ರಿ ವಾರ್ಡಿನ ಹೊರಗೆ ಚಾಪೆ ಹಾಕಿ ಮಲಗಿದ್ದವನು ನೀನು ಅಂತಲೂ ಈಗಲೇ ಗೊತ್ತಾಗಿದ್ದು. ಒಂದು ಮಾತೂ ಹೇಳಲಿಲ್ಲವಲ್ಲೋ. ಹೇಳಿದ್ದರೂ ನಾನು ಥ್ಯಾಂಕ್ಸ್ ಅಂತ ಒಂದು ಕೈಮುಗಿಯುವ ಗೊಂಬೆ ಕಳಿಸಿ ಸುಮ್ಮನಾಗುತ್ತಿದ್ದೆ. ನಿನಗೆ ಅದೂ ಗೊತ್ತಿತ್ತು ಅನ್ನಿಸುತ್ತೆ.

ಮುಚ್ಚಳದ ಆ ಮಾತೂ ಸುಳ್ಳಂತೆ. ಕಲಿಸಿದ್ದು ಗೋಲ್ಡ್ ಫಿಶ್ಶಿಗೆ ತಿಂಗಳುಗಟ್ಟಲೆ ನೆನಪಿರುತ್ತದೆ. ಅಮ್ಮನಿಗೆ ಇದನ್ನಿನ್ನೂ ಹೇಳಿಲ್ಲ.

ಸರಿ, ಜಾಸ್ತಿ ಆಯ್ತು. ಪೀಚ್ ಟೀ ತಲೆಗೇರಿದೆ ಅಂದುಕೋ. ಡಿಸೆಂಬರ್‌ನಲ್ಲಿ ಬರುತ್ತೇನೆ, ಟಿಕೆಟ್ ಆಗಿದೆ. ನಿನಗೆ ಬಾಟಲಿ ತರಲ್ಲ. ಹಾಲಿಲ್ಲ, ಬಿಸಿ ಇಲ್ಲ, ಇದ್ಯಾವ ಸೀಮೆ ಟೀ ಅಂತೀಯ. ಮುಚ್ಚಳ ಮಾತ್ರ ತರುತ್ತೇನೆ. ಆರನೇ ಕ್ಲಾಸಿನ ಸೋಡಾ ಮುಚ್ಚಳದ ಸಾಲ ಇನ್ನೂ 14 ಬಾಕಿ ಇದೆಯಲ್ಲ. ಬಡ್ಡಿ ಕೇಳಬೇಡ.

ನಿನ್ನ,
ಅದೇ ಅರ್ಧ ಟಿಕೆಟ್