ಹೂ ಬಿಟ್ಟಾಗ ಔಷಧ ಬೇಡ

ಸಂಪಾದಕರೇ,

ವಸಂತ ಬಂತೆಂದರೆ ಕೈತೋಟಗಳಲ್ಲಿ ಹೂವಿನ ಜೊತೆಗೇ ಔಷಧದ ಪಂಪೂ ಹೊರಗೆ ಬರುತ್ತದೆ. ನಿಂಬೆ ಗಿಡದ ತುಂಬ ಹೂ ಇರುವಾಗಲೇ, ಅದೂ ಬೆಳಗ್ಗೆಯೇ ಹೊಡೆಯುತ್ತಾರೆ. ನೋಡಿ ತುಂಬಾ ಸಂಕಟವಾಗುತ್ತದೆ. ಜೇನ್ನೊಣಗಳು ಬರುವ ಹೊತ್ತೂ ಅದೇ ಅಲ್ವಾ?

ನಮ್ಮ ಕುಂಬಳದ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಂಥ ಪುಟ್ಟ ಕಾಯಿ ಇರುತ್ತದೆ. ಮುಂಜಾನೆ ಅರಳಿದ್ದು ಮಧ್ಯಾಹ್ನದೊಳಗೆ ಮುದುಡುತ್ತದೆ. ಅಷ್ಟರಲ್ಲಿ ಯಾರೂ ಪರಾಗ ತಂದು ಮುಟ್ಟಿಸದಿದ್ದರೆ ಕಾಯಿ ಹಳದಿಯಾಗಿ ಉದುರುತ್ತದೆ. ಗೊಬ್ಬರ ಸಾಲಲಿಲ್ಲ ಅಂದುಕೊಂಡು ಜನ ಇನ್ನೂ ಜಾಸ್ತಿ ಸುರಿಯುತ್ತಾರೆ, ಪಾಪ.

ಟೊಮೆಟೊ, ಬದನೆ ಹೂಗಳದು ಬೇರೆಯೇ ಕಥೆ. ಪರಾಗ ಸಣ್ಣ ಕೊಳವೆಗಳೊಳಗೆ ಇರುತ್ತದೆ. ದೊಡ್ಡ ಕಪ್ಪು ದುಂಬಿ ಹೂವನ್ನು ಅಪ್ಪಿ ಹಿಡಿದು ಮೈ ನಡುಗಿಸುತ್ತದೆ. ಗುಂಯ್ ಎಂಬ ಸದ್ದಿನ ಜೊತೆ ಹಳದಿ ಪುಡಿ ಅದರ ಹೊಟ್ಟೆ ಮೇಲೆ ಉದುರುತ್ತದೆ. ಜೇನ್ನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ಹಾಗಾಗಿ ಸುಮ್ನೆ ಒಂದು ಜೇನುಪೆಟ್ಟಿಗೆ ಇಟ್ಟರೆ ಸಾಲದು. ಈ ದುಂಬಿ ಗೂಡು ಕೊರೆಯುವುದು ಒಣ ಮರದಲ್ಲಿ. ಒಂಟಿಯಾಗಿ ಬದುಕುವ ಬೇರೆ ಎಷ್ಟೋ ಜೇನುಗಳಿಗೆ ಬರಿ ಮಣ್ಣೇ ಮನೆ. ಅಂಗಳಕ್ಕೆಲ್ಲ ಸಿಮೆಂಟ್ ಹಾಕಿದರೆ ಅವು ಎಲ್ಲಿಗೆ ಹೋಗಬೇಕು?

ತೋಟದ ಅಂಕಣಗಳಲ್ಲಿ ಔಷಧದ ಹೆಸರು, ಅಳತೆ ಎಲ್ಲ ಇರುತ್ತದೆ. ಹೂವಿನ ಮೇಲೆ ಹೊಡೆಯಬೇಡಿ, ಅನಿವಾರ್ಯವಾದರೆ ಜೇನುಗಳು ಗೂಡು ಸೇರಿದ ಮೇಲೆ ಸಂಜೆ ಹೊಡೆಯಿರಿ ಎಂಬ ಮಾತೂ ಇರಲಿ. ಬೇರಿನಿಂದ ಏರಿ ಮಕರಂದಕ್ಕೂ ಸೇರುವ ವಿಷಗಳಿಗಂತೂ ಸಂಜೆ, ಬೆಳಗ್ಗೆ ಎಂಬ ಭೇದವಿಲ್ಲ. ಅಂಥವನ್ನು ಮನೆ ತೋಟಕ್ಕೆ ಸೂಚಿಸಲೇಬೇಡಿ, ದಯವಿಟ್ಟು.

– ಕೈತೋಟದ ಓದುಗರೊಬ್ಬರು