ಎಳೆಯುತ್ತದೆ ಸರಿ, ನಿಲ್ಲುತ್ತದೆಯೇ?

ಮಾನ್ಯ ಸಂಪಾದಕರೇ,

ನಾನು ಶ್ರೀನಿವಾಸಪುರ ತಾಲ್ಲೂಕಿನ ಟೊಮೆಟೊ ಬೆಳೆಗಾರ. ಕೋಲಾರದ ಎಪಿಎಂಸಿಗೆ ಮಾಲು ಸಾಗಿಸಲು 35 ಎಚ್‌ಪಿ ಟ್ರ್ಯಾಕ್ಟರ್ ಕೊಂಡೆ. 'ಎಷ್ಟು ಹೇರಿದರೂ ಎಳೆಯುತ್ತೆ' ಎಂದರು ಶೋರೂಮಿನವರು. ಎಳೆಯಿತು, ನಿಜ. ನಿಲ್ಲಿಸುವ ಮಾತನ್ನು ಅವರು ಎತ್ತಲಿಲ್ಲ.

ಹೋದ ವರ್ಷ 300 ಬಾಕ್ಸ್ ಹೇರಿಕೊಂಡು ಕೆರೆ ಏರಿಯಿಂದ ಕೆಳಗೆ ಇಳಿಯುತ್ತಿದ್ದೆವು. ಬಾಕ್ಸಿಗೆ 15 ಕೆ.ಜಿ. ಅಂದರೆ ಮಾಲೇ ನಾಲ್ಕೂವರೆ ಟನ್. ಟ್ರೇಲರ್ ತೂಕ ಬೇರೆ. ನಮ್ಮ ಟ್ರ್ಯಾಕ್ಟರ್ ಎರಡು ಟನ್ ಕೂಡ ತೂಗುವುದಿಲ್ಲ. ತಮ್ಮ ಬ್ರೇಕ್ ಒತ್ತಿದ. ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ದಬ್ಬಿತು. ಟ್ರ್ಯಾಕ್ಟರ್ ಅಡ್ಡ ತಿರುಗಿ ಹುಣಸೆಮರಕ್ಕೆ ಒರಗಿ ನಿಂತಿತು. ತಮ್ಮನ ಜೀವ ಉಳಿಯಿತು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಎಚ್‌ಪಿ ಒಂದನ್ನೇ ನೋಡಿ ಕೊಳ್ಳಬೇಡಿ ಎಂದು ರೈತರನ್ನು ಬೇಡಿಕೊಳ್ಳುತ್ತೇನೆ. ಟ್ರ್ಯಾಕ್ಟರ್ ತೂಕ ಎಷ್ಟು, ಎಷ್ಟು ಭಾರ ಎಳೆಯಬಹುದು ಎಂದು ಕಂಪನಿ ಪುಸ್ತಕದಲ್ಲಿ ಬರೆದಿದೆ, ಕೇಳಿ. ರಸ್ತೆಗೆ ಇಳಿದಾಗ, ಹಿಂದಿನ ಎಡ ಚಕ್ರಕ್ಕೊಂದು ಬಲ ಚಕ್ರಕ್ಕೊಂದು ಇರುವ ಎರಡೂ ಬ್ರೇಕ್ ಪೆಡಲ್ ಸೇರಿಸಿ ಲಾಕ್ ಮಾಡಿ. ಒಂದೇ ಕಡೆ ಬ್ರೇಕ್ ಹಿಡಿದರೆ ಗಾಡಿ ತಿರುಗಿಬಿಡುತ್ತದೆ. ಎರಡು ಗಾಲಿಯ ಟ್ರೇಲರ್‌ನಲ್ಲಿ ಭಾರ ಹಿಂದಕ್ಕೆ ಜಾಸ್ತಿಯಾದರೆ ಟ್ರ್ಯಾಕ್ಟರಿನ ಹಿಂದಿನ ಗಾಲಿ ಹಿಡಿತ ಕಳೆದುಕೊಳ್ಳುತ್ತದೆ. ತೀರಾ ಮುಂದಕ್ಕಾದರೆ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ರೇಟು ಬಂದಾಗ ಒಂದೇ ಟ್ರಿಪ್ಪಿಗೆ ಮುಗಿಸೋಣ ಅನ್ನಿಸುತ್ತದೆ, ಅಲ್ವಾ? ಈಗ ನಾವು ಎರಡು ಟ್ರಿಪ್ ಹೊಡೆಯುತ್ತೇವೆ. ಟ್ರೇಲರ್‌ಗೂ ಬ್ರೇಕ್ ಹಾಕಿಸಿದ್ದೇವೆ. ಮಾರುವವರು ಭಾರ ತುಂಬಿದ ಟ್ರೇಲರ್ ಕಟ್ಟಿ ಇಳಿಜಾರಿನಲ್ಲಿ ಓಡಿಸಿ ತೋರಿಸಲಿ. ಸಾರಿಗೆ ಇಲಾಖೆಯವರು ಟ್ರೇಲರ್ ಬ್ರೇಕನ್ನೂ ತಪ್ಪದೆ ಪರೀಕ್ಷೆ ಮಾಡಲಿ.

— ಒಬ್ಬ ರೈತ, ಶ್ರೀನಿವಾಸಪುರ ತಾಲ್ಲೂಕು, ಕೋಲಾರ ಜಿಲ್ಲೆ