ದಸರಾ ರಾತ್ರಿ ಏನಾದ್ರೂ ಆದ್ರೆ ಪೇಷೆಂಟ್‌ಗಳನ್ನ ಯಾವ ರೋಡಲ್ಲಿ ಕಳಿಸ್ತೀರಿ?

ಮಾನ್ಯ ಸಂಪಾದಕರೇ,

ಜೈವಿಕ ಭಯೋತ್ಪಾದನೆ ಅಂದ್ರೆ ನಮ್ ಕೊಡಗಲ್ಲಿ ಜನ ನಗ್ತಾರೆ, ಈ ಕಾಫಿ ತೋಟದೊಳಗೆ ಯಾರು ಬಂದು ರೋಗಾಣು ಚೆಲ್ತಾರೆ ಅಂತ. ಸರ್ಕಾರಿ ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿ ರಿಟೈರ್ ಆದೋಳು ನಾನು, ನಾನೂ ನಗ್ತಿದ್ದೆ. 2018ರ ಡಿಸೆಂಬರ್ 14ಕ್ಕೆ ಆ ನಗು ನಿಂತೋಯ್ತು. ಹನೂರು ಕಡೆ ಸುಳ್ವಾಡಿ ಮಾರಮ್ಮನ ಗುಡಿ ಪ್ರಸಾದಕ್ಕೆ ಬೇಕಂತಲೇ ಕೀಟನಾಶಕ ಬೆರೆಸಿದ್ರು, 17 ಜನ ಹೋದ್ರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದ್ರು, ಅಲ್ಲಿ ಹತ್ತಿರದಲ್ಲಿ ಅಷ್ಟು ವೆಂಟಿಲೇಟರ್ ಎಲ್ಲಿಂದ ಬರ್ಬೇಕು, ಮೈಸೂರಿಗೇ ಹೊತ್ಕೊಂಡು ಹೋಗ್ಬೇಕಾಯ್ತು. ಅದು ರೋಗಾಣು ಅಲ್ಲ, ಕೆಮಿಕಲ್ಲು, ಒಪ್ತೀನಿ. ಆದ್ರೆ 1984ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಹೋಟೆಲ್‌ಗಳ ಸಲಾಡ್‌ಗೆ ಸಾಲ್ಮೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆರೆಸಿ 751 ಜನಕ್ಕೆ ಕಾಯಿಲೆ ಹಿಡಿಸಿದ್ದೂ ಇದೇ ದಾರೀಲಿ, ಊಟದ ಮೂಲಕ, ಅದು ಬೇಕಂತ ಮಾಡಿದ್ದು ಅಂತ ಗೊತ್ತಾಗೋಕೆ ಸುಮಾರು ಒಂದು ವರ್ಷ ಹಿಡೀತು. ಬಾಗಿಲಿಗೆ ಪೇಷೆಂಟ್ ಬಂದಾಗ ಇದು ಬೇಕಂತ ಮಾಡಿದ್ದಾ ತಾನಾಗೇ ಆಗಿದ್ದಾ ಅಂತ ನರ್ಸ್‌ಗೆ ಗೊತ್ತಿರಲ್ಲ ಸಾರ್, ವಾಂತಿ ಮಾತ್ರ ಕಾಣ್ಸುತ್ತೆ.

ತೋಟದ ಔಷಧಿ ಕುಡಿದೋರನ್ನ ನಾನು ಲೆಕ್ಕವಿಲ್ಲದಷ್ಟು ನೋಡಿದೀನಿ. ಆರ್ಗನೊಫಾಸ್ಫೇಟ್ ಅನ್ನೋ ಜಾತಿ ಕೀಟನಾಶಕದ ಕೇಸಲ್ಲಿ ಅಟ್ರೋಪಿನ್ ಅನ್ನೋ ಪ್ರತಿವಿಷದ ಇಂಜೆಕ್ಷನ್ ಕೊಡ್ತಾನೇ ಇರ್ಬೇಕು, ಒಂದು ಆಂಪೂಲ್‌ನಲ್ಲಿ ಇರೋದು 0.6 ಮಿಲಿಗ್ರಾಂ, ಸೀರಿಯಸ್ ಆದ್ರೆ ಒಬ್ರಿಗೇ ಒಂದು ರಾತ್ರೀಲಿ 50-60 ಆಂಪೂಲ್ ಮುಗ್ದೋಗುತ್ತೆ. ಒಂದ್ಸಲ ಮಳೆಗಾಲದಲ್ಲಿ ನಾನಿದ್ದ ಆಸ್ಪತ್ರೇಲಿ ನಡುರಾತ್ರಿ ಸ್ಟಾಕ್ ಖಾಲಿ, ಅಟೆಂಡರ್ ಬೈಕಲ್ಲಿ ಹೋಗಿ ಮೆಡಿಕಲ್ ಶಾಪ್ ಓನರ್‌ನ ಎಬ್ಬಿಸಿ ತಂದ. ಅವತ್ತು ಇದ್ದಿದ್ದು ಒಬ್ನೇ ಪೇಷೆಂಟ್. ಐವತ್ತು ಜನ ಬಂದಿದ್ರೆ?

ಈಗ ವಿಷ್ಯಕ್ಕೆ ಬರ್ತೀನಿ. ಮಡಿಕೇರಿ ದಸರಾದಲ್ಲಿ ದಶಮಂಟಪದ, ಅಂದ್ರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ ರಾತ್ರಿ ಊರು ಹೇಗಿರುತ್ತೆ ಅಂತ ನಿಮ್ಗೆ ಹೇಳ್ಬೇಕಾಗಿಲ್ಲ, ಆಂಬುಲೆನ್ಸ್ ಇರ್ಲಿ, ಸೈಕಲ್ಲೂ ನುಗ್ಗಲ್ಲ. ಜಿಲ್ಲೆಗೆ ರೈಲಿಲ್ಲ, ಏರ್‌ಪೋರ್ಟ್ ಇಲ್ಲ. ಮಡಿಕೇರೀಲಿ ಮೆಡಿಕಲ್ ಕಾಲೇಜ್ ಆಸ್ಪತ್ರೆ ಇದೆ ನಿಜ, ಅಲ್ಲಿ ಬೆಡ್ ತುಂಬಿದ್ಮೇಲೆ ಮೈಸೂರಿಗೆ 120 ಕಿ.ಮೀ., ಮಂಗಳೂರು ಇನ್ನೂ ದೂರ. 2018ರ ಆಗಸ್ಟಲ್ಲಿ ಮಡಿಕೇರಿ-ಸಂಪಾಜೆ ರೋಡೇ ಕುಸಿದು ಮಂಗಳೂರು ದಾರಿ ಬಂದ್ ಆಯ್ತಲ್ಲ, ಜೋಡುಪಾಲದವ್ರು ಜಿಲ್ಲಾ ಕೇಂದ್ರದ ಕಡೆ ಬರೋಕಾಗ್ದೆ ಸುಳ್ಯದ ಕಡೆ ಇಳಿದ್ರು, ಅವ್ರನ್ನ ನೋಡ್ಕೊಂಡಿದ್ದು ಪಕ್ಕದ ಜಿಲ್ಲೆ. ಹಾಗಾದ್ರೆ ವಿಪತ್ತಿನ ಪ್ಲಾನ್ ಬರೆಯೋವಾಗ ಮಾತ್ರ ಯಾಕೆ ಜಿಲ್ಲೆ ಗಡೀಲಿ ಪೆನ್ನು ನಿಲ್ಸೋದು?

ಕೇರಳದ ಕಡೇನೂ ಹಾಗೇ. 2018ರಲ್ಲಿ ಕೋಯಿಕ್ಕೋಡ್‌ನಲ್ಲಿ ನಿಪಾ ವೈರಸ್ ಬಂದಾಗ ಹೆಚ್ಚು ಜನಕ್ಕೆ ಅಂಟಿದ್ದು ಆಸ್ಪತ್ರೆ ಒಳಗೇ, ಲಿನಿ ಅನ್ನೋ ನರ್ಸ್ ತೀರ್ಕೊಂಡ್ರು (ನಮ್ ಡ್ಯೂಟಿಯೋರಿಗೆ ಆ ಹೆಸರು ಮರೆಯಲ್ಲ). ನಮ್ ಕೇರಳ ಗಡಿಯ ಕುಟ್ಟ, ಮಾಕುಟ್ಟದಿಂದ ದಿನಾ ಜನ ಓಡಾಡ್ತಾರೆ. 2020ರ ಮಾರ್ಚಲ್ಲಿ ಕೊರೊನಾ ಬಂದಾಗ ನಾವು ಮಾಡಿದ್ದು ಮಾಕುಟ್ಟ ರೋಡಿಗೆ ಮಣ್ಣು ಸುರಿದಿದ್ದು. ಮಣ್ಣು ಸುರಿಯೋದು ಪ್ಲಾನ್ ಅಲ್ಲ. ಕಣ್ಣೂರು, ವಯನಾಡಿನ ಆರೋಗ್ಯ ಅಧಿಕಾರಿಗಳ ನಂಬರ್ ಇಲ್ಲಿನ ಕ್ಯಾಶುವಾಲ್ಟಿ ಗೋಡೆ ಮೇಲೆ ಇರ್ಬೇಕು, ಅಲ್ಲಿ ಜ್ವರ ವಿಚಿತ್ರವಾಗಿ ಕಂಡ ದಿನವೇ ಇಲ್ಲಿ ಗೊತ್ತಾಗ್ಬೇಕು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಜೈವಿಕ ವಿಪತ್ತಿನ ಮಾರ್ಗಸೂಚಿ ಕೊಟ್ಟಿದ್ದು 2008ರಲ್ಲೇ, ಪುಸ್ತಕಕ್ಕೆ ಕೊರತೆ ಇಲ್ಲ. ಡ್ರಿಲ್ ಅಂತ ನಾನು ನೋಡಿದ್ದೆಲ್ಲಾ ಹಗಲು ಹನ್ನೊಂದು ಗಂಟೆಗೆ, ಬಿಸಿಲಲ್ಲಿ, ಫೋಟೋಗ್ರಾಫರ್ ಜೊತೆ, ಆಮೇಲೆ ಕಾಫಿ. ಯಾರಿಗೆ ಕೆಂಪು ಟ್ಯಾಗ್ (ತಕ್ಷಣ ನೋಡ್ಬೇಕಾದೋರು) ಯಾರಿಗೆ ಹಳದಿ (ಸ್ವಲ್ಪ ಕಾಯಬಹುದಾದೋರು) ಅಂತ ಮೊದ್ಲೇ ಹೇಳ್ಕೊಟ್ಟಿರ್ತಾರೆ, ಪೇಷೆಂಟ್ ಆಗಿ ಮಲಗಿರೋ ನರ್ಸಿಂಗ್ ಹುಡುಗ್ರು ನಗ್ತಾ ಇರ್ತಾರೆ.

ಒಂದ್ಸಲ ಜುಲೈನಲ್ಲಿ ಮಾಡಿ. ರಾತ್ರಿ ಎರಡು ಗಂಟೆಗೆ, ಕರೆಂಟ್ ಹೋಗಿ ಟವರ್ ಸತ್ತಿರೋವಾಗ, ಯಾರಿಗೂ ಹೇಳ್ದೆ. ವಿರಾಜಪೇಟೆ, ಸೋಮವಾರಪೇಟೆ ಆಸ್ಪತ್ರೇಲಿ ಅಟ್ರೋಪಿನ್ ಎಷ್ಟಿದೆ ಅಂತ ಎಣಿಸಿ, ಮೈಸೂರಿಗೆ ಫೋನ್ ಹಚ್ಚಿ ಎಷ್ಟು ವೆಂಟಿಲೇಟರ್ ಬೆಡ್ ಕೊಡ್ತೀರಿ ಅಂತ ಕೇಳಿ, ಬಂದ ಉತ್ತರ ಅದೇ ವಾರ ನಿಮ್ ಪೇಪರಲ್ಲಿ ಹಾಕಿ.

- ನಿವೃತ್ತ ಸ್ಟಾಫ್ ನರ್ಸ್, ನಾಪೋಕ್ಲು